ಕಾರ್ಡು ಕಳೆದುಹೋದ ಮೇಲೆ
(ಸರ್ವ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ವರ್ಷ ಸಂತೆಯಿಂದ ಬರುವಾಗ ಬಸ್ಸಿನಲ್ಲಿ ನನ್ನ ಚೀಲ ಹೋಯಿತು. ದುಡ್ಡು ಮುನ್ನೂರೇ, ಆದರೆ ಆಧಾರ್, ಪ್ಯಾನ್, ಎಟಿಎಂ ಕಾರ್ಡು, ಸಹಿ ಹಾಕಿದ ಜೆರಾಕ್ಸು ಎಲ್ಲಾ ಅದರಲ್ಲೇ. "ಹೊಸದು ಮಾಡಿಸಿದರಾಯ್ತು ಬಿಡಿ" ಅಂದರು ಮನೆಯವರು. ಸರಿ, ಹಳೆಯದು ಯಾರ ಕೈಲಿದೆ? ಹೊಸ ಕಾರ್ಡು ಬಂದರೂ ಆಧಾರ್ ಸಂಖ್ಯೆ ಅದೇ ಅಲ್ಲವೇ!

ಮೊದಲು ಬ್ಯಾಂಕಿಗೆ ಫೋನ್ ಮಾಡಿ ಎಟಿಎಂ ನಿಲ್ಲಿಸಿದೆ. ಪೊಲೀಸರ ಇ-ಲಾಸ್ಟ್‌ನಲ್ಲಿ ಬರೆಸಿ ರಸೀದಿ ಪಡೆದೆ. ಮಗ ಸಂಚಾರ್ ಸಾಥಿ ತೆಗೆದು ನೋಡಿದರೆ, ನನ್ನ ಹೆಸರಲ್ಲಿ ನಾನು ಕಾಣದ ಒಂದು ನಂಬರು! 'ನನ್ನದಲ್ಲ' ಎಂದು ಅಲ್ಲೇ ತಿಳಿಸಿದೆವು. ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಈಗ ಜೆರಾಕ್ಸು ಕೊಡುವಾಗ ಯಾತಕ್ಕೆ ಕೊಟ್ಟೆ ಅಂತ ಅದರ ಮೇಲೆಯೇ ತಾರೀಖಿನ ಸಮೇತ ಬರೀತೀನಿ. ಅಂಗಡಿಯವನು ನಗುತ್ತಾನೆ, ನಗಲಿ.