ತಡೆಯುವ ಟಿ ಕೋಶ: ಸಯನ್ ವಿಜ್ಞಾನ ಪ್ರದರ್ಶನದ ಉದ್ಘಾಟನಾ ಭಾಷಣ

ರಕ್ತದಲ್ಲಿ ಓಡಾಡುವ ಟಿ ಕೋಶಗಳಲ್ಲಿ ಹೆಚ್ಚಿನವು ದಾಳಿಗೆ ನಿಂತವು. ಒಂದು ಸಣ್ಣ ಪಂಗಡ ಮಾತ್ರ ಆ ದಾಳಿ ಸ್ವಂತ ದೇಹದ ಮೇಲೆ ತಿರುಗದಂತೆ ತಡೆಯುತ್ತದೆ. ಮುಂಬೈನ ಸಯನ್‌ನಲ್ಲಿ ಇಂದು ತೆರೆಯುತ್ತಿರುವ ಪ್ರದರ್ಶನದ ವಿಷಯ ಈ ನಿಯಂತ್ರಕ ಟಿ ಕೋಶಗಳೇ. 1995ರಲ್ಲಿ ಶಿಮೋನ್ ಸಕಾಗುಚಿ ಇವನ್ನು ಗುರುತಿಸಿದರು. ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಇಲಿಗಳಲ್ಲಿ ಈ ಕೋಶಗಳಿಗೆ ಬೇಕಾದ ಫಾಕ್ಸ್‌ಪಿ3 ಜೀನನ್ನು ಪತ್ತೆಹಚ್ಚಿದರು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಸಂದಿತು.

ಈ ಜೀನ್ ಕೆಟ್ಟರೆ ಬರುವುದು ಐಪೆಕ್ಸ್ ಎಂಬ ಅಪರೂಪದ ಕಾಯಿಲೆ. ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಾದ್ದರಿಂದ ನರಳುವವರು ಗಂಡುಮಕ್ಕಳು: ಮೊಲೆಹಾಲಿನ ವಯಸ್ಸಿನಲ್ಲೇ ನಿಲ್ಲದ ಭೇದಿ, ಎಕ್ಸಿಮಾ, ಸಕ್ಕರೆ ಕಾಯಿಲೆ. ಸಯನ್‌ನಿಂದ ಲೋಕಲ್ ಹಿಡಿದು ಮಾಟುಂಗಾ, ದಾದರ್ ದಾಟಿದರೆ ಪರೇಲ್. ಅಲ್ಲಿನ ಕೆಇಎಂ ಆಸ್ಪತ್ರೆ ಆವರಣದ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಲ್ಲಿ ಇಂಥ ಹುಟ್ಟಿನಿಂದ ಬರುವ ರೋಗನಿರೋಧಕ ದೋಷಗಳನ್ನು ಪರೀಕ್ಷಿಸುತ್ತಾರೆ.

ಕೋಶದಲ್ಲಿ ಈ ಜೀನಿನ ಪ್ರೋಟೀನಾದ ಫಾಕ್ಸ್‌ಪಿ3 ಕಂಡ ಮಾತ್ರಕ್ಕೆ ಅದು ನಿಯಂತ್ರಕ ಕೋಶ ಎನ್ನುವಂತಿಲ್ಲ. ಮನುಷ್ಯರ ಸಾಮಾನ್ಯ ಟಿ ಕೋಶವೂ ಕೆರಳಿದಾಗ ಸ್ವಲ್ಪ ಹೊತ್ತು ಅದನ್ನು ತಯಾರಿಸಿ ಸುಮ್ಮನಾಗುತ್ತದೆ. ನಿಯಂತ್ರಕ ಕೋಶದಲ್ಲಾದರೋ, ಕೋಶ ಒಡೆದು ಎರಡಾಗಿ, ಎರಡು ನಾಲ್ಕಾದರೂ ಜೀನ್ ಚಾಲೂ ಇರಬೇಕು. ಕಷ್ಟದ ಕೆಲಸ ಅದೇ. ಅದನ್ನು ನೋಡಿಕೊಳ್ಳುವುದು ಜೀನಿನೊಳಗಿನ ಸಿಎನ್‌ಎಸ್2 ಎಂಬ ಡಿಎನ್‌ಎ ತುಣುಕು. ಸಾಮಾನ್ಯ ಟಿ ಕೋಶದಲ್ಲಿ ಅದರ ಮೇಲೆ ಮಿಥೈಲ್ ಗುಂಪುಗಳು ಕೂತಿರುತ್ತವೆ. ನಿಜವಾದ ನಿಯಂತ್ರಕ ಕೋಶದಲ್ಲಿ ಟೆಟ್ ಕಿಣ್ವಗಳು ಅವನ್ನು ತೆರವು ಮಾಡಿರುತ್ತವೆ. ಹಾಗೆ ತೆರವಾದ ಜಾಗಕ್ಕೆ ರನ್ಕ್ಸ್1 ಮೊದಲಾದ ಪ್ರೋಟೀನುಗಳ ಜೊತೆ ಫಾಕ್ಸ್‌ಪಿ3 ತಾನೇ ಬಂದು ಅಂಟಿಕೊಂಡು, ತನ್ನ ಜೀನನ್ನು ನಡೆಸುತ್ತದೆ. ತನ್ನ ನೇಮಕದ ಆದೇಶಕ್ಕೆ ತಾನೇ ಸಹಿ ಹಾಕಿಕೊಳ್ಳುವ ಗುಮಾಸ್ತ! ಸಿಎನ್‌ಎಸ್2 ಕತ್ತರಿಸಿದ ಇಲಿಗಳಲ್ಲಿ ನಿಯಂತ್ರಕ ಕೋಶಗಳು ಹುಟ್ಟುವುದೇನೋ ಹುಟ್ಟುತ್ತವೆ. ಒಡೆಯುತ್ತ ಹೋದಂತೆ ಫಾಕ್ಸ್‌ಪಿ3 ಕಳೆದುಕೊಳ್ಳುತ್ತವೆ.

ಪಕ್ಕದ ಸಿಎನ್‌ಎಸ್3 ಎಂಬ ತುಣುಕು ಜೀನ್ ಚಾಲೂ ಆಗಲು ನೆರವಾಗುತ್ತದೆ. ಸಿಎನ್‌ಎಸ್1ರ ಕಥೆ ಇನ್ನೂ ಸ್ವಾರಸ್ಯದ್ದು. ಅದು ಕಾಣುವುದು ಮಾಸು ಬೆಳೆಯುವ ಸಸ್ತನಿಗಳಲ್ಲಿ ಮಾತ್ರ. ಅದಿಲ್ಲದ ತಾಯಿ ಇಲಿಗಳ ಗರ್ಭದಲ್ಲಿ ಹೆಚ್ಚು ಭ್ರೂಣಗಳು ಕರಗಿಹೋದವು. ಅರ್ಧ ತಂದೆಯದಾದ ಕೂಸನ್ನು ತಾಯಿಯ ದೇಹ ಸಹಿಸಿಕೊಳ್ಳುವುದರಲ್ಲಿ ಇದರ ಪಾಲೂ ಇದೆ.

ಚಿಕಿತ್ಸೆಗೆಂದು ಪ್ರಯೋಗಾಲಯದಲ್ಲಿ ಸಾಮಾನ್ಯ ಟಿ ಕೋಶವನ್ನು ನಿಯಂತ್ರಕವಾಗಿ ಮಾರ್ಪಡಿಸಬಹುದು. ಆದರೆ ಸಿಎನ್‌ಎಸ್2ರ ಮಿಥೈಲ್ ಬಹುಪಾಲು ಹಾಗೇ ಉಳಿಯುವುದರಿಂದ ಆ ಕೋಶ ಬೇಗ ಹಳೆಯ ಚಾಳಿಗೆ ಮರಳುತ್ತದೆ. ಅದಕ್ಕೇ ಕೋಶದ ಗುಣಮಟ್ಟ ನೋಡುವಾಗ ಈ ತುಣುಕಿನ ಮಿಥೈಲ್ ಅಳೆಯುತ್ತಾರೆ. ಕೋಶ ಬೆಳೆಸುವ ದ್ರವಕ್ಕೆ ವಿಟಮಿನ್ ಸಿ ಬೆರೆಸಿದರೆ ಟೆಟ್ ಕಿಣ್ವಗಳು ಚುರುಕಾಗಿ ಕೋಶ ಹೆಚ್ಚು ಕಾಲ ನಿಲ್ಲುತ್ತದೆ. ಇದು ಗಾಜಿನ ತಟ್ಟೆಯ ಮಾತು. ನಿಂಬೆಹಣ್ಣಿನ ಶರಬತ್ತಿಗೆ ಅನ್ವಯಿಸುವಂಥದ್ದಲ್ಲ.