ಕೊಂಡಿಯೂ ಸಾಕ್ಷಿಯೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಕನ್ನಡ ಪಂಡಿತನೊಬ್ಬನು ದಾಸಸಾಹಿತ್ಯವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತು ಮಾತನಾಡುವುದು ರೂಢಿ. ವಿಜಯದಾಸರ ಚಿಪ್ಪಗಿರಿಯೂ ರಾಘವೇಂದ್ರ ಸ್ವಾಮಿಗಳ ಮಂತ್ರಾಲಯವೂ ನಮ್ಮ ಸೀಮೆಯಲ್ಲೇ ಇರುವಾಗ ವಿಷಯಕ್ಕೆ ಬರವೇನೂ ಇಲ್ಲ. ಆದರೆ ಈ ಸಲ ಕಾರ್ಯದರ್ಶಿಗಳು ನನಗೆ ಒಪ್ಪಿಸಿರುವ ವಿಷಯ ಬೇರೆ. ನಮ್ಮ ಕನ್ನಡ ಮನೆತನಗಳ ಅಂಗಡಿ, ಗಿರಣಿ, ವಸತಿಗೃಹಗಳು ಈಗ ಅಂತರ್ಜಾಲದಲ್ಲಿ ತಮ್ಮ ತಮ್ಮ ತಾಣಗಳನ್ನು ತೆರೆದಿವೆ. ಆ ತಾಣಗಳನ್ನು ಗೂಗಲಿನ ಮೊದಲ ಪುಟದಲ್ಲಿ ನಿಲ್ಲಿಸುತ್ತೇವೆಂದು, ಅದಕ್ಕಾಗಿ ಬೇರೆ ತಾಣಗಳಿಂದ ‘ಕೊಂಡಿ’ಗಳನ್ನು ಕಟ್ಟಿಸಿಕೊಡುತ್ತೇವೆಂದು ಹೇಳಿಕೊಂಡು ಬರುವವರೂ ಹೆಚ್ಚಾಗಿದ್ದಾರೆ. ಅವರಲ್ಲಿ ಯಾರನ್ನು ನಂಬಬೇಕು, ಯಾರನ್ನು ಬಾಗಿಲಿನಿಂದಲೇ ಕಳುಹಿಸಬೇಕು ಎಂಬುದನ್ನು ತಿಳಿಯಹೇಳಬೇಕೆಂದು ಅವರ ಅಪೇಕ್ಷೆ.

ನಾನು ಯಂತ್ರವಿದ್ಯೆಯನ್ನು ಓದಿದವನಲ್ಲ. ಆದರೂ ಒಪ್ಪಿಕೊಂಡುದಕ್ಕೆ ಕಾರಣವುಂಟು. ಈ ಕೊಂಡಿಯ ವ್ಯವಹಾರವು ಬುಡದಲ್ಲಿ ಮಾತಿನ ವ್ಯವಹಾರ. ಒಬ್ಬರ ವಿಷಯದಲ್ಲಿ ಇನ್ನೊಬ್ಬರು ನುಡಿಯುವ ಸಾಕ್ಷಿಯ ವ್ಯವಹಾರ. ಸಾಕ್ಷಿಯ ಬೆಲೆಯನ್ನು ಕುರಿತು ನಮ್ಮ ಹಿಂದಿನವರು ಬಹಳ ಯೋಚಿಸಿದ್ದಾರೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದುವು. ಆಡಳಿತದ ಗೆರೆ ಸರಿಯಿತು. ವ್ಯಾಪಾರದ ದಾರಿ ಮಾತ್ರ ಸರಿಯಲಿಲ್ಲ. ಆದವಾನಿಯ ಹತ್ತಿಗೂ ಶೇಂಗಾಕ್ಕೂ, ಎಮ್ಮಿಗನೂರಿನ ಕೈಮಗ್ಗದ ಬಟ್ಟೆಗೂ ಗಡಿಯ ಎರಡು ಕಡೆಯೂ ಗಿರಾಕಿಗಳುಂಟು. ಮಂತ್ರಾಲಯಕ್ಕೂ ಶ್ರಾವಣದಲ್ಲಿ ಉರುಕುಂದದ ಈರಣ್ಣನ ಸನ್ನಿಧಿಗೂ ಕರ್ನಾಟಕದಿಂದ ಬರುವ ಯಾತ್ರಿಕರ ಸಂಖ್ಯೆ ತಮಗೆ ತಿಳಿಯದುದಲ್ಲ. ಹಿಂದೆ ಅವರು ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ಈಗ ಹೊರಡುವ ಮುನ್ನ ಕೈಯಲ್ಲಿರುವ ಫೋನನ್ನು ಕೇಳುತ್ತಾರೆ. ಅಲ್ಲಿ ಹೆಸರು ಕಾಣದ ಅಂಗಡಿಯು ಅವರ ಪಾಲಿಗೆ ಇಲ್ಲದ ಅಂಗಡಿ. ಆದುದರಿಂದ ಮೊದಲ ಪುಟದ ಆಸೆಯನ್ನು ದುರಾಸೆಯೆಂದು ನಾನು ಹಳಿಯಲಾರೆ. ಅನೇಕ ಸಂಸಾರಗಳ ಅನ್ನ ಅದರಲ್ಲಿದೆ.

ಈ ಶೋಧಕ ಯಂತ್ರವು ಒಂದು ಪುಟವನ್ನು ಮೇಲೆ, ಇನ್ನೊಂದನ್ನು ಕೆಳಗೆ ಇಡುವುದು ಹೇಗೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬವರು ಇದಕ್ಕೊಂದು ಉಪಾಯವನ್ನು ಕಂಡುಹಿಡಿದು, 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದರು. ವಿದ್ವಾಂಸರು ತಮ್ಮ ಪ್ರಬಂಧಗಳಲ್ಲಿ ಹಿಂದಿನ ವಿದ್ವಾಂಸರ ಕೃತಿಗಳನ್ನು ಹೆಸರಿಸುವರಷ್ಟೆ. ಹೆಚ್ಚು ಜನ ಯಾವ ಕೃತಿಯನ್ನು ಹೆಸರಿಸುವರೋ ಅದಕ್ಕೆ ಮನ್ನಣೆ ಹೆಚ್ಚು. ಅದೇ ರೀತಿಯಲ್ಲಿ, ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹಾಕಿದ ಕೊಂಡಿಯನ್ನು ಒಂದು ಸಾಕ್ಷಿಯೆಂದು ಅವರು ಭಾವಿಸಿದರು. ಆದರೆ ಸಾಕ್ಷಿಗಳ ತಲೆ ಎಣಿಸಿ ಸುಮ್ಮನಾಗಲಿಲ್ಲ. ಮನ್ನಣೆಯುಳ್ಳ ಪುಟದ ಸಾಕ್ಷಿಗೆ ತೂಕ ಹೆಚ್ಚೆಂದೂ, ಒಂದೇ ಪುಟವು ನೂರಾರು ಜನರಿಗೆ ಸಾಕ್ಷಿ ನುಡಿದರೆ ಅದರ ತೂಕ ಅಷ್ಟು ಪಾಲಾಗಿ ಹಂಚಿಹೋಗುವುದೆಂದೂ ಲೆಕ್ಕ ಕಟ್ಟಿದರು. ಈಗ ಆ ಯಂತ್ರವು ಕೊಂಡಿಗಳಲ್ಲದೆ ಇನ್ನೂ ಹಲವು ಗುಣಗಳನ್ನು ನೋಡುತ್ತದೆ. ಆದರೂ ಕೊಂಡಿಯ ಗೌರವ ಪೂರ್ತಿಯಾಗಿ ಹೋಗಿಲ್ಲ.

ಇದನ್ನು ಓದುವಾಗ ನನಗೆ ನೆನಪಾದುದು ನ್ಯಾಯದರ್ಶನದ ಶಬ್ದಪ್ರಮಾಣ. ಆಪ್ತನ ವಾಕ್ಯವು ಪ್ರಮಾಣವೆಂದು ಆ ಶಾಸ್ತ್ರದವರು ಹೇಳುತ್ತಾರೆ. ಆಪ್ತನೆಂದರೆ ನೆಂಟನಲ್ಲ. ವಿಷಯವನ್ನು ತಾನೇ ಕಂಡು ತಿಳಿದವನು, ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತ. ಇದು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾಗಿ ಸಲ್ಲುವ ಲಕ್ಷಣವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಉದಾರವಾಗಿ ಸೇರಿಸಿದ್ದಾನೆ. ಕೊಂಡಿ ಹಾಕುವ ತಾಣಕ್ಕೂ ಈ ಲಕ್ಷಣವನ್ನು ಒಡ್ಡಿ ನೋಡಬಹುದು: ಅದಕ್ಕೆ ನಮ್ಮ ವಿಷಯ ಗೊತ್ತೆ? ಗೊತ್ತಿದ್ದುದನ್ನು ಓದುಗರಿಗೆ ತಿಳಿಸಲು ಹೇಳುತ್ತಿದೆಯೆ, ಇಲ್ಲವೆ ಹಣ ಸಂದದ್ದರಿಂದ ಹೇಳುತ್ತಿದೆಯೆ?

ಸಾಕ್ಷಿಗೆ ಬೆಲೆ ಬಂದ ಕಡೆ ಸುಳ್ಳುಸಾಕ್ಷಿಗೂ ಮಾರುಕಟ್ಟೆ ಹುಟ್ಟುತ್ತದೆ. ತೂಕ ಹೆಚ್ಚಲೆಂದು ಹತ್ತಿಗೆ ನೀರು ಹೊಡೆದು ತರುವ ಚಾಳಿಯನ್ನು ಹತ್ತಿಯ ಊರಿನವರಾದ ತಮಗೆ ನಾನು ವಿವರಿಸಬೇಕಾಗಿಲ್ಲ. ಆ ಹತ್ತಿ ತಕ್ಕಡಿಯಲ್ಲಿ ಭಾರವಾಗಿಯೇ ತೂಗುತ್ತದೆ. ಆದರೆ ಬಲ್ಲವನ ಕೈ ಮುಟ್ಟಿದೊಡನೆ ಬೆಲೆ ಬೀಳುತ್ತದೆ. ಕೊಂಡಿಗಳ ವಿಷಯದಲ್ಲಿಯೂ ಹಾಗೆಯೇ ಆಯಿತು. ಕೇವಲ ಕೊಂಡಿ ಮಾರುವುದಕ್ಕಾಗಿಯೇ ಸಾವಿರಾರು ಪೊಳ್ಳು ತಾಣಗಳು ಎದ್ದುವು. ಗೂಗಲಿನವರು ಸುಮ್ಮನಿರಲಿಲ್ಲ. 2005ರಲ್ಲಿ, ‘ಈ ಕೊಂಡಿಯನ್ನು ನನ್ನ ಸಾಕ್ಷಿಯೆಂದು ಎಣಿಸಬೇಡ’ ಎಂದು ಯಂತ್ರಕ್ಕೆ ತಿಳಿಸುವ ‘ನೋಫಾಲೋ’ ಎಂಬ ಗುರುತು ಬಳಕೆಗೆ ಬಂತು. 2012ರ ಏಪ್ರಿಲ್ ತಿಂಗಳಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನ ಪರಿಷ್ಕಾರದಿಂದ ಕೃತಕ ಕೊಂಡಿಗಳನ್ನು ಕಟ್ಟಿಕೊಂಡ ತಾಣಗಳನ್ನು ಕೆಳಕ್ಕೆ ತಳ್ಳಿದರು. ಹಣ ಕೊಟ್ಟು ಹಾಕಿಸಿದ ಕೊಂಡಿಗೆ ‘ಸ್ಪಾನ್ಸರ್ಡ್’ ಎಂಬ ಪ್ರತ್ಯೇಕ ಗುರುತು 2019ರಲ್ಲಿ ಬಂತು. ಜಾಹೀರಾತು ಕೊಡುವುದು ತಪ್ಪಲ್ಲ. ಜಾಹೀರಾತನ್ನು ಸಾಕ್ಷಿಯ ವೇಷದಲ್ಲಿ ನಿಲ್ಲಿಸುವುದು ತಪ್ಪು ಎಂಬುದೇ ಇದರ ತಾತ್ಪರ್ಯ.

ದೊಡ್ಡವರೂ ಇದರಲ್ಲಿ ಮುಗ್ಗರಿಸಿದ್ದಾರೆ. ಅಮೆರಿಕದ ಜೆ. ಸಿ. ಪೆನ್ನಿ ಎಂಬ ಹಳೆಯ ಅಂಗಡಿ ಸಂಸ್ಥೆಯ ತಾಣಕ್ಕೆ, ಅದರ ವ್ಯಾಪಾರದೊಡನೆ ಯಾವ ಸಂಬಂಧವೂ ಇಲ್ಲದ ಸಾವಿರಾರು ಪುಟಗಳಿಂದ ಕೊಂಡಿಗಳು ಬಂದಿರುವುದನ್ನು 2011ರ ಫೆಬ್ರವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಬಯಲಿಗೆಳೆಯಿತು. ಒಂದು ಬಗೆಯ ಪ್ರಯಾಣದ ಪೆಟ್ಟಿಗೆಯ ಹುಡುಕಾಟದಲ್ಲಿ ಮೊದಲನೆಯ ಸ್ಥಾನದಲ್ಲಿದ್ದ ಆ ಅಂಗಡಿ ಎರಡು ಗಂಟೆಯೊಳಗೆ 71ನೆಯ ಸ್ಥಾನಕ್ಕೆ ಇಳಿಯಿತು. ತಮಗೇನೂ ತಿಳಿಯದೆಂದು ಹೇಳಿ ಅವರು ತಮ್ಮ ಸಲಹೆಗಾರರನ್ನು ಬಿಡಿಸಿದರು. ಆದರೆ ಸ್ಥಾನ ಕಳೆದುಕೊಂಡದ್ದು ಸಲಹೆಗಾರರ ತಾಣವಲ್ಲ, ಅಂಗಡಿಯ ತಾಣ. ಮರುವರ್ಷ, 2012ರ ಜನವರಿಯಲ್ಲಿ, ಹಣ ಪಡೆದು ಬರೆದ ಲೇಖನದಲ್ಲಿ ಕೊಂಡಿ ಕಂಡುಬಂದುದರಿಂದ ಗೂಗಲಿನವರು ತಮ್ಮದೇ ಆದ ‘ಕ್ರೋಮ್’ ಪುಟವನ್ನು ಅರುವತ್ತು ದಿನ ಕೆಳಗಿಳಿಸಿದರು.

ಅಷ್ಟು ದೂರದ ಉದಾಹರಣೆ ಬೇಡವೆನ್ನುವವರಿಗೆ ಹತ್ತಿರದ್ದೇ ಒಂದುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯವರು ಕೈಮಗ್ಗದ ಸೀರೆಗಳನ್ನು ಮಾರುವವರು. ತಿಂಗಳಿಗೆ ಐನೂರು ಕೊಂಡಿ, ಮೂರು ತಿಂಗಳಲ್ಲಿ ಮೊದಲ ಪುಟ ಎಂಬ ಭರವಸೆಯನ್ನು ನಂಬಿ ಆರು ತಿಂಗಳು ಹಣ ಕಟ್ಟಿದರು. ತಿಂಗಳು ತಿಂಗಳೂ ಅಂದವಾದ ವರದಿ ಬರುತ್ತಿತ್ತು. ಹೊಸ ಗಿರಾಕಿ ಮಾತ್ರ ಬರಲಿಲ್ಲ. ಆ ವರದಿಯ ಪಟ್ಟಿಯನ್ನು ನಾವಿಬ್ಬರೂ ಕುಳಿತು ಒಂದೊಂದಾಗಿ ತೆರೆದು ನೋಡಿದೆವು. ಒಂದು ಜೂಜಿನ ಪುಟ, ಒಂದು ಔಷಧದ ಪುಟ, ನಮಗಾರಿಗೂ ಬಾರದ ಭಾಷೆಯ ಹತ್ತಾರು ಪುಟಗಳು. ಇವುಗಳ ನಡುವೆ ಎಮ್ಮಿಗನೂರಿನ ಸೀರೆ. ಹಣ ನಿಲ್ಲಿಸಿದ ಮೇಲೆ ಆ ಕೊಂಡಿಗಳೂ ಒಂದೊಂದಾಗಿ ಮಾಯವಾದುವು. ತಾಣದ ಗುಪ್ತಪದವೂ ಅವರ ಕೈಯಲ್ಲಿಯೇ ಇದ್ದುದರಿಂದ ತಮ್ಮ ಅಂಗಡಿಯ ಬೀಗದ ಕೈಗಾಗಿ ತಾವೇ ಅಂಗಲಾಚಬೇಕಾಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದಂತಿದೆ.

ಹಾಗಾದರೆ ಇಂಥ ಸೇವೆಯೇ ಬೇಡವೆ? ಹಾಗೆಂದು ನಾನು ಹೇಳುವುದಿಲ್ಲ. ಒಳ್ಳೆಯ ಕೆಲಸಗಾರರೂ ಉಂಟು. ಅವರು ನಮ್ಮ ಕಸುಬನ್ನು ತಿಳಿದು, ಬರೆಯಲು ಯೋಗ್ಯವಾದುದನ್ನು ನಮ್ಮಿಂದಲೇ ಬರೆಯಿಸಿ, ಅದರಲ್ಲಿ ಆಸಕ್ತಿಯುಳ್ಳ ಪತ್ರಿಕೆಗಳಿಗೂ ಸಂಘಗಳಿಗೂ ವರ್ತಕ ಮಂಡಲಿಗಳಿಗೂ ತಲುಪಿಸುತ್ತಾರೆ. ಮಡಕೆಯನ್ನು ತಟ್ಟಿ ನೋಡಿ ಕೊಳ್ಳುವ ನಮ್ಮ ತಾಯಂದಿರು ಮಾಡುವಂತೆ, ಅವರನ್ನೂ ತಟ್ಟಿ ನೋಡಬೇಕು. ಹೇಗೆ ತಟ್ಟಬೇಕೆಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಮೊದಲ ಸ್ಥಾನವನ್ನು ಖಾತರಿಯಾಗಿ ಕೊಡಿಸುತ್ತೇನೆ ಎನ್ನುವವನಿಗೆ ಅಲ್ಲಿಯೇ ನಮಸ್ಕಾರ ಹೇಳಬೇಕು. ಅಂಥ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲಿನವರೇ ಪ್ರಕಟಿಸಿದ್ದಾರೆ. ಒಳ್ಳೆಯ ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂಬುದೂ ಅವರದೇ ಮಾತು. ಬಿತ್ತಿದ ವಾರವೇ ಹತ್ತಿ ಬಿಡಿಸುತ್ತೇನೆ ಎನ್ನುವ ಒಕ್ಕಲಿಗನನ್ನು ನಾವು ನಂಬುವೆವೆ?

ಎರಡನೆಯದು, ‘ಎಷ್ಟು ಕೊಂಡಿ?’ ಎಂದು ಕೇಳುವ ಬದಲು ‘ಎಲ್ಲಿಂದ ಕೊಂಡಿ, ಯಾವ ಬಗೆಯಿಂದ?’ ಎಂದು ಕೇಳಬೇಕು. ‘ಅದು ನಮ್ಮ ಗುಟ್ಟು’ ಎಂದರೆ ವ್ಯವಹಾರ ಅಲ್ಲಿಗೇ ಮುಗಿಯಿತು. ಹೆಸರಿಸಿದ ತಾಣಗಳನ್ನು ತೆರೆದು ಹತ್ತು ನಿಮಿಷ ಓದಬೇಕು. ಅಲ್ಲಿ ಬರೆದವರು ಮನುಷ್ಯರಂತೆ ಬರೆದಿರುವರೆ? ಮದುವೆ, ಮದ್ದು, ಜೂಜು, ಸಾಲ ಎಲ್ಲವೂ ಒಂದೇ ಕಡೆ ಕಲಸಿಕೊಂಡಿವೆಯೆ? ನಮ್ಮ ಗಿರಾಕಿಯಾಗಬಹುದಾದವನು ಆ ಪುಟವನ್ನು ಓದುವ ಸಂಭವವಿದೆಯೆ? ಗೂಗಲ್ ಎಂಬುದೇ ಇಲ್ಲದಿದ್ದರೂ ಈ ಕೊಂಡಿಯಿಂದ ನನಗೊಬ್ಬ ಗಿರಾಕಿ ಬರಬಹುದು ಎಂದು ಹೇಳಬಲ್ಲ ಕೊಂಡಿಯೇ ಒಳ್ಳೆಯ ಕೊಂಡಿ.

ಮೂರನೆಯದು, ಅಂಕಿಗಳಿಗೆ ಮರುಳಾಗಬಾರದು. ‘ಡೊಮೇನ್ ಅಥಾರಿಟಿ’ ಇಷ್ಟಿರುವ ತಾಣ, ಅಷ್ಟಿರುವ ತಾಣ ಎಂದು ಮಾರಾಟಗಾರರು ಹೇಳುವುದುಂಟು. ಆ ಅಂಕಿಯು ಮೋಜ್ ಎಂಬ ಖಾಸಗಿ ಸಂಸ್ಥೆಯವರ ಅಂದಾಜೇ ಹೊರತು ಗೂಗಲಿನವರು ಕೊಟ್ಟ ಅಂಕವಲ್ಲ. ‘ವಿಕಿಪೀಡಿಯದಲ್ಲಿ ಕೊಂಡಿ ಹಾಕಿಸಿಕೊಡುತ್ತೇವೆ’ ಎನ್ನುವವರೂ ಉಂಟು. ಅಲ್ಲಿಂದ ಹೊರಹೋಗುವ ಕೊಂಡಿಗಳಿಗೆ ಆಗಲೇ ಹೇಳಿದ ‘ನೋಫಾಲೋ’ ಗುರುತಿದೆ. 2003ರಿಂದ ನಡೆದು ಬಂದಿರುವ ಕನ್ನಡ ವಿಕಿಪೀಡಿಯಕ್ಕೆ ನಾವು ಕೊಡಬೇಕಾದುದು ನಮ್ಮ ಸೀಮೆಯ ತಿಳಿವಳಿಕೆ. ಅದನ್ನು ಅಂಗಡಿಯ ಹಲಗೆಯಾಗಿ ಬಳಸುವುದು ಸಲ್ಲದು.

ನಾಲ್ಕನೆಯದು ಭಾಷೆಯನ್ನು ಕುರಿತದ್ದು. ಇದರಲ್ಲಿ ಕನ್ನಡ ಮೇಷ್ಟರಿಗೆ ಸ್ವಲ್ಪ ಅಧಿಕಾರವುಂಟು. ಕೊಂಡಿಯು ಯಾವ ಮಾತಿನ ಮೇಲೆ ಕುಳಿತಿದೆಯೋ ಆ ಮಾತನ್ನೂ ಯಂತ್ರವು ಓದುತ್ತದೆ. ‘ಅತ್ಯುತ್ತಮ ಅಗ್ಗದ ಸೀರೆ’ ಎಂಬ ಒಂದೇ ಪದಪುಂಜವು ನೂರು ಕಡೆ ಅಚ್ಚೊತ್ತಿದಂತೆ ಬಂದರೆ, ಒಂದೇ ವಾಕ್ಯವನ್ನು ಉರುಹಚ್ಚಿ ಬಂದ ಸಾಕ್ಷಿಗಳಂತೆ ಅದು ತನ್ನ ಸುಳ್ಳನ್ನು ತಾನೇ ಸಾರುತ್ತದೆ. ನಮ್ಮ ಊರುಗಳ ಹೆಸರನ್ನಾದರೂ ಅವರು ಬಲ್ಲರೆ ಎಂದು ಪರೀಕ್ಷಿಸಿರಿ. ಆದವಾನಿಯನ್ನು ಆದೋನಿಯೆಂದು ಹುಡುಕುವವರುಂಟು. ಎಮ್ಮಿಗನೂರನ್ನು ರೋಮನ್ ಲಿಪಿಯಲ್ಲಿ ಎರಡು ಮೂರು ವಿಧವಾಗಿ ಬರೆಯುವವರುಂಟು. ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೇಳುವವರುಂಟು. ಇದನ್ನರಿಯದ ದೂರದ ಸಂಸ್ಥೆಯು ನಮ್ಮ ಕನ್ನಡ ಪುಟಕ್ಕೆ ತರುವ ಕೊಂಡಿ ಊರು ತಪ್ಪಿದ ಪತ್ರದಂತೆ ಅಲೆಯುವುದು.

ಐದನೆಯದು, ಕರಾರು. ಏನು ಮಾಡುವರು, ಏನು ಮಾಡಲಾರರು ಎಂಬುದು ಬರವಣಿಗೆಯಲ್ಲಿರಲಿ. ಹಣವನ್ನು ಒಂದೇ ಗಂಟಾಗಿ ಕೊಡದೆ ಕೆಲಸವನ್ನು ನೋಡಿಕೊಂಡು ಕೊಡಿರಿ. ತಾಣದ ಹೆಸರೂ ಖಾತೆಗಳೂ ನಿಮ್ಮ ಹೆಸರಿನಲ್ಲಿಯೇ ಇರಲಿ. ಗುಪ್ತಪದ ನಿಮ್ಮ ಕೈ ಬಿಡದಿರಲಿ. ‘ಸರ್ಚ್ ಕನ್ಸೋಲ್’ ಎಂಬ ಉಪಕರಣವನ್ನು ಗೂಗಲಿನವರು ಉಚಿತವಾಗಿ ಕೊಟ್ಟಿದ್ದಾರೆ. ಯಾವ ತಾಣಗಳಿಂದ ನಿಮಗೆ ಕೊಂಡಿ ಬಂದಿದೆ, ಯಾವ ಮಾತನ್ನು ಹುಡುಕಿ ಜನ ನಿಮ್ಮಲ್ಲಿಗೆ ಬಂದರು ಎಂಬುದು ಅದರಲ್ಲಿ ಕಾಣುತ್ತದೆ. ಮಾರಾಟಗಾರರ ವರದಿಯನ್ನು ಅದರೊಡನೆ ಹೋಲಿಸಿ ನೋಡಲು ನಮ್ಮ ಶಾಲೆಯಲ್ಲಿ ಓದಿದ ಹುಡುಗ ಹುಡುಗಿಯರೇ ಸಾಕು.

ಇಷ್ಟನ್ನೂ ಹೇಳಿದ ಮೇಲೆ, ಇವೆಲ್ಲಕ್ಕಿಂತ ಹಿಂದಿನ ಒಂದು ಪ್ರಶ್ನೆಯಿದೆ. ನಮಗೆ ಈ ಸೇವೆ ಈಗಲೇ ಬೇಕೆ? ಮಂತ್ರಾಲಯದ ವಸತಿಗೃಹಕ್ಕೂ ಆದವಾನಿಯ ಬಟ್ಟೆಯಂಗಡಿಗೂ ಮೊದಲು ಬೇಕಾದುದು ಗೂಗಲಿನ ನಕ್ಷೆಯಲ್ಲಿ ಸರಿಯಾದ ಹೆಸರು, ವಿಳಾಸ, ದೂರವಾಣಿ, ತೆರೆದಿರುವ ವೇಳೆ. ಇದಕ್ಕೆ ಒಂದು ಕಾಸಿನ ಖರ್ಚಿಲ್ಲ. ಎರಡನೆಯದಾಗಿ ಬೇಕಾದುದು, ಕೊಂಡಿ ಹಾಕಲು ತಕ್ಕ ಪುಟ. ಮಗ್ಗದ ಮನೆಯವರು ಹಾಸು ಹೊಕ್ಕುಗಳ ಕೆಲಸವನ್ನು, ಬಣ್ಣ ಕಟ್ಟುವ ಬಗೆಯನ್ನು ಚಿತ್ರಸಹಿತವಾಗಿ ಕನ್ನಡದಲ್ಲಿ ಬರೆಯಲಿ. ಹತ್ತಿಯ ವರ್ತಕರು ಎಳೆಯ ಉದ್ದವನ್ನೂ ತೇವವನ್ನೂ ರೈತರು ಪರೀಕ್ಷಿಸುವ ಕ್ರಮವನ್ನು ಬರೆಯಲಿ. ವಸತಿಗೃಹದವರು ಮಂತ್ರಾಲಯದಿಂದ ಉರುಕುಂದಕ್ಕೂ ಚಿಪ್ಪಗಿರಿಗೂ ಹೋಗುವ ದಾರಿಯನ್ನು ಯಾತ್ರಿಕರಿಗೆ ಬರೆದು ತಿಳಿಸಲಿ. ಇಂಥ ಪುಟವು ಇನ್ನೊಂದು ಕಡೆ ಸಿಕ್ಕದ ವಸ್ತುವಾದುದರಿಂದ ಬೇಕಾದವರು ತಾವಾಗಿಯೇ ಅದಕ್ಕೆ ಕೊಂಡಿ ಹಾಕುತ್ತಾರೆ. ಅದು ಕೊಂಡು ತಂದ ಸಾಕ್ಷಿಯಲ್ಲ; ಹಣ ನಿಂತರೂ ನಿಲ್ಲುವ ಸಾಕ್ಷಿ.

ಇದರಲ್ಲಿ ಸಂಘಕ್ಕೂ ಒಂದು ಹೊಣೆಯಿದೆಯೆಂದು ನನ್ನ ವಿಜ್ಞಾಪನೆ. ಸಂಘದ ತಾಣದಲ್ಲಿ ಈ ಭಾಗದ ಕನ್ನಡ ಮನೆತನಗಳ ಉದ್ಯಮಗಳನ್ನು ಪರಿಚಯಿಸುವ ಒಂದು ಪುಟವಿರಲಿ. ಆದರೆ ಚಂದಾ ಕೊಟ್ಟವರೆಲ್ಲರ ಹೆಸರನ್ನೂ ತುಂಬುವ ಪಟ್ಟಿಯಾಗದೆ, ಕಂಡು ಬಂದು ಬರೆದ ಪರಿಚಯಗಳ ಪುಟವಾಗಲಿ. ಬರೆಯುವ ಕೆಲಸವನ್ನು ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಒಪ್ಪಿಸಿರಿ. ತಿದ್ದುವ ಕೆಲಸ ನನ್ನದು. ಗಡಿಯಲ್ಲಿ ಕನ್ನಡ ಓದಿದ ಮಗುವಿಗೆ ಮುಂದೇನು ಎಂದು ತಂದೆ ತಾಯಿಗಳು ಪ್ರತಿವರ್ಷ ನನ್ನನ್ನು ಕೇಳುತ್ತಾರೆ. ತನ್ನ ಬರಹವನ್ನು ಓದಿ ಬಳ್ಳಾರಿಯಿಂದಲೋ ರಾಯಚೂರಿನಿಂದಲೋ ಒಬ್ಬ ಗಿರಾಕಿ ತಂದೆಯ ಅಂಗಡಿಗೆ ಬಂದುದನ್ನು ಕಂಡ ಮಗುವಿಗೆ, ಕನ್ನಡ ಅನ್ನ ಕೊಡುವುದೆ ಎಂಬ ಪ್ರಶ್ನೆಗೆ ಉತ್ತರವನ್ನು ಬೇರೆಯಾಗಿ ಹೇಳಬೇಕಾಗುವುದಿಲ್ಲ.