ಹೊಳೆಯ ಪರ ನಿಲ್ಲುವ ವಕೀಲ

(ರಾಣೆಬೆನ್ನೂರಿನಲ್ಲಿ ಮಾಡಿದ ಭಾಷಣ)



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ನಮ್ಮ ಮನೆಗಳಿಂದಲೂ ಈಗ ಮಕ್ಕಳು ಕಾನೂನು ಓದಿ ಬರುತ್ತಿದ್ದಾರೆ. ಜಮೀನಿನ ದಾವೆ, ಚೆಕ್ಕಿನ ದಾವೆ ಹಿಡಿದರೆ ಹೊಟ್ಟೆ ತುಂಬೀತು. ನೀರು, ಗಾಳಿ, ಅಡವಿಯ ಪರ ನಿಲ್ಲುತ್ತೇನೆಂದರೆ ಮನೆಯವರೇ "ಅದರಾಗ ಏನ್ ಸಿಗತೈತಿ?" ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ.

ಆದರೆ ಈ ಕೆಲಸ ನಮಗೆ ದಿಲ್ಲಿಯಿಂದ ಬಂದದ್ದಲ್ಲ. ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ 1972ರಲ್ಲಿ ಶುರುವಾಯಿತು. ಅದು ಹೊಳೆಗೆ ಬಿಡುವ ನೀರಿನ ವಿರುದ್ಧ ತುಂಗಭದ್ರೆಯ ದಂಡೆಯ ಹಳ್ಳಿಗಳು ಎಂಬತ್ತರ ದಶಕದಲ್ಲಿ ಎದ್ದವು. ಅದೇ ಕಾರ್ಖಾನೆಗೆ ನೀಲಗಿರಿ ಒದಗಿಸಲು 1984ರಲ್ಲಿ ಸರಕಾರವೂ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿದವು. ಊರೂರಿನ ಸಾಮೂಹಿಕ ಭೂಮಿ ಸುಮಾರು 75,000 ಎಕರೆ ಅದರ ಪಾಲಾಗಬೇಕಿತ್ತು. ಸಮಾಜ ಪರಿವರ್ತನ ಸಮುದಾಯದವರೂ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. 1991ರಲ್ಲಿ ಕಂಪನಿ ಮುಚ್ಚಿತು. ಕೋರ್ಟೊಂದೇ ಗೆದ್ದಿತೆನ್ನಬೇಡಿ, ಕುಸನೂರೊಂದೇ ಗೆದ್ದಿತೆನ್ನಲೂ ಬೇಡಿ.

ಹೊಸ ವಕೀಲ ಮೊದಲು ಕಲಿಯಬೇಕಾದದ್ದು ದೊಡ್ಡ ಮಾತಲ್ಲ, ನೀರು ತುಂಬಿದ ಸೀಸೆಯ ಲೆಕ್ಕ. ಬ್ಯಾಡಗಿಯ ವರ್ತಕರಿಗೆ ಇದು ಬೇಗ ತಿಳಿದೀತು: ಮೆಣಸಿನಕಾಯಿಯ ಮಾದರಿ ಯಾರೆದುರು ತೆಗೆದದ್ದೆಂಬುದು ಇತ್ಯರ್ಥವಾಗದೆ ತಕರಾರು ತೀರುವುದಿಲ್ಲ. 1974ರ ಜಲ ಕಾಯಿದೆಯೂ ಹಾಗೆಯೇ. ಮಂಡಳಿಯ ಅಧಿಕಾರಿ ಅಲ್ಲೇ ನೋಟೀಸು ಕೊಟ್ಟು, ಕಾರ್ಖಾನೆಯವರೆದುರು ನೀರನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಇಬ್ಬರ ಸಹಿ ಮಾಡಿಸಬೇಕು. ಈ ಕ್ರಮ ತಪ್ಪಿದರೆ ಪ್ರಯೋಗಾಲಯದ ವರದಿ ಕೋರ್ಟಿನಲ್ಲಿ ನಿಲ್ಲದು. 1988ರ ತಿದ್ದುಪಡಿಯಿಂದ ಸಾಮಾನ್ಯ ನಾಗರಿಕನೂ 60 ದಿನಗಳ ನೋಟೀಸು ಕೊಟ್ಟು ತಾನೇ ಫಿರ್ಯಾದಿಯಾಗಬಹುದು. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವೋ ದೂರದ ಚೆನ್ನೈಯಲ್ಲಿ. ಅಲ್ಲಿ ಸಾಮಾನ್ಯ ಅರ್ಜಿಗೆ ಆರು ತಿಂಗಳ ಗಡುವು.

ಗಿರಣಿಯ ಬಂಧುಗಳು ಕೇಳುತ್ತಾರೆ: ಕಾರ್ಖಾನೆ ಮುಚ್ಚಿದರೆ ನಮ್ಮ ಗತಿಯೇನು? ಮುಚ್ಚಿಸುವುದೇ ಗೆಲುವೆಂದು ತಿಳಿದ ವಕೀಲ ನಮಗೂ ಬೇಡ. ನೀರು ಶುದ್ಧಮಾಡುವ ಖರ್ಚು ಮಾಲೀಕನ ಲಾಭದಿಂದ ಬರಬೇಕು, ಕೂಲಿಯಿಂದಲ್ಲ. ಇದನ್ನು ವಾದಿಸಬಲ್ಲವನು ಬೇಕು. ಯಾವ ಕಾರ್ಖಾನೆಯಲ್ಲೇ ಆಗಲಿ, ರಾತ್ರಿ ಪಾಳಿಯಲ್ಲಿ ಯಾವ ಕೊಳವೆ ಎತ್ತ ಹರಿಯುತ್ತದೆಂದು ಬಲ್ಲವನು ಕಾರ್ಮಿಕನೇ. ಅವನ ಮನೆಗೆ ಹೋಗದ ವಕೀಲ ಎಷ್ಟು ಓದಿದರೂ ಅರ್ಧ ಕುರುಡ.

ಹೊಸಬರ ಮೊದಲ ಮೂರು ವರ್ಷ ಬರಗಾಲವೇ. ಆದಕಾರಣ ನಾವು ಕೇಳುವುದಿಷ್ಟು: ಕಾರ್ಮಿಕ ಸಂಘಗಳೂ ವರ್ತಕರೂ ಕೂಡಿ, ಮೂರೂ ತಾಲೂಕಿಗೆ ಒಬ್ಬೊಬ್ಬ ಹೊಸ ವಕೀಲರ ಬಸ್ ಚಾರ್ಜು, ಟೈಪಿನ ಖರ್ಚು, ಚೆನ್ನೈಗೆ ಹೋಗಿಬರುವ ಹಣ ಹೊರಬೇಕು. ಕೊಡುವವರು ಈಗಲೇ ಹೆಸರು ಬರೆಯಿಸಿ.